ಎರಡು ಕಾರ್ಬುರೇಟರ್, ಒಂದೇ ಆಕ್ಸಿಲರೇಟರ್: ರಾಜ್‌ದೂತ್ 350 ಜೊತೆ ನನ್ನ ಅನುಭವ

ಹಳೆಯ ಬೈಕು ಸರಿಯಾಗಿ ಓಡದಿದ್ದರೆ ಸ್ಕ್ರೂಡ್ರೈವರ್ ಹಿಡಿದವರೆಲ್ಲ ಮೊದಲು ಕೈಹಾಕುವುದು ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿಗೆ. ಅದು ಹೊರಗೆ ಕಾಣುವಂತಿದೆ, ತಿರುಗಿಸಲು ಎರಡು ಸ್ಕ್ರೂ ಇವೆ, ತಿರುಗಿಸಿದರೆ ಎಂಜಿನ್ನಿನ ಸದ್ದು ಬದಲಾಗುತ್ತದೆ. ಇಷ್ಟಿದ್ದ ಮೇಲೆ ಸುಮ್ಮನಿರಲು ಯಾರಿಂದಲೂ ಆಗದು. ನನಗೆ ಸಿಕ್ಕಿದ ರಾಜ್‌ದೂತ್ 350ರ ಜೋಡಿ ಕಾರ್ಬುರೇಟರ್‌ಗಳು ಹೀಗೆ ಹಲವರ ಕೈ ದಾಟಿ ಬಂದಿದ್ದವು. ಸ್ಕ್ರೂಗಳ ತಲೆ ಸವೆದು ಬೋಳಾಗಿತ್ತು. ಬಲಬದಿಯ ಮೇನ್ ಜೆಟ್ಟಿನ (ಪೂರ್ತಿ ವೇಗದಲ್ಲಿ ಪೆಟ್ರೋಲು ಹಾಯುವ ತೂತಿರುವ ಹಿತ್ತಾಳೆ ತುಂಡಿನ) ನಂಬರು ಎಡಬದಿಯದಕ್ಕೆ ತಾಳೆಯಾಗುತ್ತಿರಲಿಲ್ಲ. ಪೆಟ್ರೋಲಿನ ದಾರಿಯಲ್ಲಿ ಮೇಲೆಕೆಳಗೆ ಆಡುವ ನೀಡಲ್ ಎಂಬ ಸೂಜಿಯ ಕ್ಲಿಪ್ ಒಂದರಲ್ಲಿ ಎರಡನೆಯ ಗೀರಿನಲ್ಲಿದ್ದರೆ ಇನ್ನೊಂದರದು ನಾಲ್ಕನೆಯದರಲ್ಲಿತ್ತು. ಎಂಜಿನ್ನಿನ ಬೇರೆ ಬೇರೆ ಕಾಯಿಲೆಗಳಿಗೆಲ್ಲ ಕಾರ್ಬುರೇಟರಿನಲ್ಲೇ ಮದ್ದು ಹುಡುಕಿದ ಗುರುತುಗಳು ಇವು.

ಗಾಡಿ ನನ್ನ ಸೋದರಮಾವನದು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಅದರ ಮರುವರ್ಷ ಮಾವ ಇದನ್ನು ಕೊಂಡರು. ಜಪಾನಿನ ಯಮಹಾ ಆರ್‌ಡಿ 350ರ ವಿನ್ಯಾಸವನ್ನು ಪರವಾನಗಿ ಪಡೆದು ಎಸ್ಕಾರ್ಟ್ಸ್ ಕಂಪೆನಿ 1983ರಲ್ಲಿ ನಮ್ಮ ದೇಶದಲ್ಲಿ ಮಾರುಕಟ್ಟೆಗೆ ತಂದಿತ್ತು. 347 ಸಿಸಿ, ಎರಡು ಸಿಲಿಂಡರ್, ಆರು ಗೇರು, ಟೂ ಸ್ಟ್ರೋಕ್. ಎಚ್‌ಟಿ ಎಂಬ ಮೊದಲ ಮಾದರಿಗೆ 30.5 ಅಶ್ವಶಕ್ತಿ, ಆಮೇಲೆ ಬಂದ ಎಲ್‌ಟಿಗೆ 27. ಮೈಲೇಜಿನ ಮಾತೆತ್ತಿದರೆ ಮಾವ ಈಗಲೂ ವಿಷಯ ಬದಲಿಸುತ್ತಾರೆ. ಅಡಕೆಗೆ ಒಳ್ಳೆಯ ಧಾರಣೆ ಇದ್ದ ವರ್ಷ ಕೊಂಡದ್ದು, ಧಾರಣೆ ಬಿದ್ದಾಗ ನೀರ್ಚಾಲಿನ ಮನೆಯ ಸೌದೆ ಕೊಟ್ಟಿಗೆ ಸೇರಿದ್ದು, ಕತೆ ಅಷ್ಟೇ.

ಇದರಲ್ಲಿ ಪ್ರತಿ ಸಿಲಿಂಡರಿಗೂ 28 ಮಿ.ಮೀ. ಬಾಯಿಯ ಒಂದೊಂದು ಮಿಕುನಿ ಕಾರ್ಬುರೇಟರ್. ಹ್ಯಾಂಡಲಿನಿಂದ ಹೊರಡುವ ಒಂದೇ ಕೇಬಲ್ ಟ್ಯಾಂಕಿನಡಿಯಲ್ಲಿ ಕವಲೊಡೆದು ಎರಡು ಕಾರ್ಬುರೇಟರ್‌ಗಳಿಗೂ ಎಂಜಿನ್ನಿಗೆ ಎಣ್ಣೆ ಉಣಿಸುವ ಟೂಟಿ ಆಯಿಲ್ ಪಂಪಿಗೂ ಹೋಗುತ್ತದೆ. ಒಂದು ಸಿಲಿಂಡರ್ ಹೆಚ್ಚು ದುಡಿದು ಇನ್ನೊಂದು ಸೋಮಾರಿಯಾದರೂ ಗಾಡಿ ಓಡುತ್ತದೆ. ಓಡಿಸುವವನಿಗೆ ಒಂದಿಷ್ಟು ನಡುಕ ಬಿಟ್ಟರೆ ಬೇರೇನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಪಿಸ್ಟನ್ ಜಾಮ್ ಆದಾಗ.

ಹಾಗಾಗಿ ನಾನು ಕಾರ್ಬುರೇಟರ್ ಬಿಚ್ಚುವ ಮೊದಲೇ ಬೇರೆ ಎರಡು ಕೆಲಸ ಮುಗಿಸಿದೆ. ಒಂದು, ಕಿಡಿ. ಈ ಎಂಜಿನ್ನಿನಲ್ಲಿ ಕಿಡಿ ಹಾರುವ ಹೊತ್ತನ್ನು ನಿರ್ಧರಿಸುವ ಸ್ವಿಚ್ಚಿನಂಥ ಎರಡು ಜೊತೆ ಪಾಯಿಂಟ್‌ಗಳಿವೆ, ಅಂತರ 0.3ರಿಂದ 0.4 ಮಿ.ಮೀ. ಒಳಗಿರಬೇಕು. ಎರಡರ ಟೈಮಿಂಗನ್ನೂ ಬೇರೆಬೇರೆಯಾಗಿ ಕೂರಿಸಬೇಕು. ಇದನ್ನು ಬಿಟ್ಟು ಮಿಕ್ಸ್ಚರ್ (ಗಾಳಿ-ಪೆಟ್ರೋಲಿನ ಮಿಶ್ರಣ) ಸ್ಕ್ರೂ ತಿರುಗಿಸುತ್ತ ಕೂತರೆ ಸಂಜೆಯಾಗುತ್ತದೆ, ಬೇರೇನೂ ಆಗುವುದಿಲ್ಲ.

ಎರಡನೆಯದು ಗಾಳಿ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು ಬೆರೆತ ಗಾಳಿ ಮೊದಲು ಪಿಸ್ಟನ್ನಿನ ಕೆಳಗಿನ ಕೋಣೆಯಾದ ಕ್ರ್ಯಾಂಕ್‌ಕೇಸಿಗೆ ಬಂದು ಅಲ್ಲಿಂದ ಮೇಲೆ ಹೋಗುತ್ತದೆ. ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿ ಬಿರುಕು ಬಿಟ್ಟಿದ್ದರೆ ಅಥವಾ ಕಾರ್ಬುರೇಟರ್ ಕೂರುವ ರಬ್ಬರ್ ಸೀಳಿದ್ದರೆ ಅಲ್ಲಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಸೇರುತ್ತದೆ. ಎಷ್ಟು ದೊಡ್ಡ ಜೆಟ್ ಹಾಕಿದರೂ ಆ ಸೋರಿಕೆಗೆ ಪರಿಹಾರವಲ್ಲ. ಇದನ್ನು ಪರೀಕ್ಷಿಸಲು ನಾನು ಬಳಸಿದ್ದು ಅಪ್ಪನ ಬಿ.ಪಿ. ನೋಡುತ್ತಿದ್ದ ಹಳೆಯ ಯಂತ್ರ. ಸೈಲೆನ್ಸರ್ ಬಿಚ್ಚಿ ಎರಡೂ ಹೊಗೆದ್ವಾರಗಳಿಗೆ ಲಾರಿ ಟ್ಯೂಬಿನ ತುಂಡಿಟ್ಟು ತಗಡಿನಿಂದ ಬಿಗಿದೆ. ಎಡಬದಿಯ ಇನ್‌ಟೇಕ್ ರಬ್ಬರಿಗೆ ಬಿರಡೆ ಹಾಕಿ, ಬಲಬದಿಯ ಬಿರಡೆಯ ನಡುವೆ ತೂತು ಕೊರೆದು ಬಿ.ಪಿ. ಯಂತ್ರದ ನಳಿಗೆ ಸಿಕ್ಕಿಸಿದೆ. ಆ ಯಂತ್ರದ ಮುಳ್ಳು 300ರವರೆಗೆ ಹೋಗುತ್ತದೆ. 300 ಮಿ.ಮೀ. ಪಾದರಸವೆಂದರೆ ಚದರ ಇಂಚಿಗೆ ಆರು ಪೌಂಡಿಗಿಂತ ತುಸು ಕಡಿಮೆ. ಈ ಬಗೆಯ ಎಂಜಿನ್ ಪರೀಕ್ಷೆಗೆ ಬೇಕಾದ್ದೂ ಹೆಚ್ಚುಕಡಿಮೆ ಅಷ್ಟೇ. ಬಲೂನು ಒತ್ತಿದೆ, ಮುಳ್ಳು ಏರಿತು, ಕಣ್ಣೆದುರೇ ಇಳಿಯಿತು. ಸೋಪಿನ ನೀರು ಹಚ್ಚಿ ನೋಡಿದರೆ ಎಡಗಡೆ, ಆಲ್ಟರ್ನೇಟರ್ ಹಿಂದಿನ ಸೀಲಿನ ಸುತ್ತ ನೊರೆ. ಇನ್‌ಟೇಕ್ ರಬ್ಬರಿನ ಮಡಿಕೆಯಲ್ಲೂ ಕೂದಲೆಳೆಯಂಥ ಸೀಳು ಇತ್ತು, ಬೆರಳಿನಿಂದ ಅಗಲಿಸಿದಾಗಷ್ಟೇ ಕಂಡಿತು. ಸೀಲು, ರಬ್ಬರು ಎರಡನ್ನೂ ಬದಲಿಸಿದ ಮೇಲೆ ಮುಳ್ಳು ನಿಂತಿತು.

ಕಾರ್ಬುರೇಟರ್ ಬಿಚ್ಚುವಾಗ ಮೊದಲ ತೊಡಕು ಸ್ಕ್ರೂಗಳದ್ದೇ. ಜಪಾನಿ ವಿನ್ಯಾಸದ ಈ ಪ್ಲಸ್ ಸ್ಕ್ರೂಗಳ ಗುಳಿ ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಸ್ಕ್ರೂಡ್ರೈವರಿನ ಮೊನೆಗೆ ಸರಿಯಾಗಿ ಹೊಂದುವುದಿಲ್ಲ. ಬಲ ಹಾಕಿದಷ್ಟೂ ಮೊನೆ ಮೇಲೆದ್ದು ಗುಳಿಯನ್ನು ಕೆರೆಯುತ್ತದೆ. ಜೆಐಎಸ್ (ಜಪಾನಿನ ಮಾನಕ) ಎಂದು ಕೇಳಿ ತರಿಸಿದರೆ ಸರಿಯಾದದ್ದು ಸಿಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಮೇಲಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಿರುಗಿಸಿದೆ. ಬಿಚ್ಚಿದ ಭಾಗಗಳಿಗೆ ಎರಡು ತೆಂಗಿನ ಗೆರಟೆ ಇಟ್ಟುಕೊಂಡಿದ್ದೆ, ಎಡಬದಿಯದಕ್ಕೊಂದು, ಬಲಬದಿಯದಕ್ಕೊಂದು. ವರ್ಷಗಟ್ಟಲೆ ತಂತಮ್ಮ ಕಾರ್ಬುರೇಟರಿಗೆ ಸವೆದು ಹೊಂದಿಕೊಂಡ ಸ್ಲೈಡುಗಳನ್ನು (ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಭಾಗ) ಅದಲುಬದಲು ಮಾಡುವುದು ಬೇಡ.

ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟಿನ ಬಟ್ಟಲುಗಳನ್ನು ತೆರೆದಾಗ ತಳದಲ್ಲಿ ಹಸಿರುಗಟ್ಟಿದ ಗೋಂದು, ಅದರ ಕೆಳಗೆ ಬಿಳಿ ಹುಡಿ. ಗೋಂದು ಪೆಟ್ರೋಲು ಆರಿ ಉಳಿದದ್ದು. ಬಿಳಿ ಹುಡಿ ನೀರು ನಿಂತು ಲೋಹವೇ ಕರಗಿದ್ದು. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ, ಬೇಸಿಗೆಯಲ್ಲೂ ಕಡಲಗಾಳಿಯ ತೇವ ಆರದ ನಮ್ಮೂರಿನಲ್ಲಿ ಇದು ಸಹಜ. ಹಿತ್ತಾಳೆಯ ಪಾತ್ರೆಗೆ ಹಚ್ಚುವಂತೆ ಇದಕ್ಕೂ ಹುಣಸೆಹುಳಿ ಹಚ್ಚಿದರಾಯಿತು ಎಂದು ಸಲಹೆ ಕೊಟ್ಟವರಿದ್ದಾರೆ. ಜೆಟ್ಟುಗಳು ಹಿತ್ತಾಳೆಯವೇ, ಆದರೆ ದೇಹ ಎರಕದ ಮಿಶ್ರಲೋಹ. ಹುಳಿ ಅದನ್ನು ತಿನ್ನುತ್ತದೆ, ಕಾಸ್ಟಿಕ್ ಸೋಡ ಇನ್ನೂ ಬೇಗ ತಿನ್ನುತ್ತದೆ. ನಾನು ಕಾರ್ಬುರೇಟರ್ ಕ್ಲೀನರ್ ಸ್ಪ್ರೇಯಲ್ಲಿ ಗೋಂದು ಇಳಿಸಿ, ಪಟ್ಟಣದ ಪರಿಚಯದ ಚಿನ್ನದಂಗಡಿಯಲ್ಲಿ ಆಭರಣ ತೊಳೆಯುವ ಅಲ್ಟ್ರಾಸಾನಿಕ್ ತೊಟ್ಟಿಯನ್ನು ಎರವಲು ಪಡೆದೆ. ಬಿಸಿನೀರಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ದೇಹಗಳನ್ನು ಮುಳುಗಿಸಿದಾಗ ಕಿರುರಂಧ್ರಗಳಿಂದ ಕಪ್ಪು ಹೊಗೆಯ ಹಾಗೆ ಕೊಳೆ ಹೊರಬಂತು. ಆಮೇಲೆ ಕಂಪ್ರೆಸರ್ ಗಾಳಿ. ಒಂದು ರಂಧ್ರಕ್ಕೆ ಊದಿದರೆ ಅದರ ಇನ್ನೊಂದು ತುದಿಯಲ್ಲಿ ಗಾಳಿ ಬಂದೇ ಬರಬೇಕು, ಬಾರದಿದ್ದರೆ ಜೋಡಿಸಬಾರದು.

ಐಡ್ಲಿಂಗಿಗೆ ಪೆಟ್ರೋಲು ಕೊಡುವ ಪೈಲಟ್ ಜೆಟ್ಟಿನ ವಿಷಯದಲ್ಲಿ ಇನ್ನಷ್ಟು ತಾಳ್ಮೆ ಬೇಕು. ಅದರ ತೂತಿಗೆ ಹೊಲಿಗೆ ಸೂಜಿಯ ಮೊನೆಯೂ ಹೋಗದು. ಹೋಗುವಂತೆ ಒತ್ತಿದರೆ ತೂತೇ ದೊಡ್ಡದಾಗುತ್ತದೆ, ಆಮೇಲೆ ಅದರ ಮೇಲಿನ ನಂಬರಿಗೆ ಅರ್ಥವಿಲ್ಲ. ವಿದ್ಯುತ್ ವಯರಿನ ಒಂದೇ ಒಂದು ತಾಮ್ರದ ಎಳೆಯಿಂದ ಚುಚ್ಚಿ, ಬೆಳಕಿಗೆ ಹಿಡಿದು ದುಂಡಗಿನ ಚುಕ್ಕೆ ಕಾಣುವ ತನಕ ಮತ್ತೆ ಮತ್ತೆ ಮಾಡಿದೆ.

ಇಲ್ಲಿ ನನ್ನದೊಂದು ಹಟವಿದೆ. ಪೇಟೆಯಲ್ಲಿ ಸಿಗುವ ಅಗ್ಗದ ರಿಪೇರಿ ಕಿಟ್‌ನಿಂದ ನಾನು ತೆಗೆದುಕೊಳ್ಳುವುದು ಗ್ಯಾಸ್ಕೆಟ್ ಮತ್ತು ರಬ್ಬರ್ ರಿಂಗುಗಳನ್ನು ಮಾತ್ರ. ಅದರಲ್ಲಿ ಬರುವ ಜೆಟ್ಟುಗಳನ್ನು ಹಾಕುವುದಿಲ್ಲ. ಒಂದೇ ನಂಬರು ಬರೆದ ಎರಡು ಜೆಟ್‌ಗಳನ್ನು ಬೆಳಕಿಗೆ ಹಿಡಿದರೆ ತೂತುಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಹಳೆಯ ಅಸಲಿ ಜೆಟ್ಟು ಚೊಕ್ಕಟವಾಗಿದ್ದರೆ ಅದೇ ಲೇಸು. ಫ್ಲೋಟಿನ ಸೂಜಿಯನ್ನು ಮಾತ್ರ ಒಳ್ಳೆಯ ಕಡೆಯಿಂದ ತರಿಸಿದೆ, ಹಳೆಯದರ ಮೊನೆಯಲ್ಲಿ ಬಳೆಯ ಹಾಗೆ ಸವೆತದ ಗುರುತು ಬಿದ್ದಿತ್ತು. ಟೊಳ್ಳು ಫ್ಲೋಟುಗಳನ್ನು ಬಿಸಿನೀರಿನಲ್ಲಿ ಅದ್ದಿ ಗುಳ್ಳೆ ಬರುವುದಿಲ್ಲವೆಂದು ಖಚಿತಪಡಿಸಿಕೊಂಡೆ. ಕಾರ್ಬುರೇಟರನ್ನು ತಲೆಕೆಳಗೆ ಹಿಡಿದು, ಗ್ಯಾಸ್ಕೆಟ್ ತೆಗೆದು, ಅಂಚಿನಿಂದ ಫ್ಲೋಟಿನ ಎತ್ತರವನ್ನು ಕಂಪೆನಿಯ ಪುಸ್ತಕದಲ್ಲಿರುವ ಅಳತೆಗೆ ತಂದೆ. ಪುಟ್ಟ ನಾಲಗೆಯನ್ನು ಬಾಗಿಸಿ ಮಾಡುವ ಕೆಲಸ ಅದು. ಎರಡೂ ಬದಿ ಒಂದೇ ಅಳತೆ ಬರಬೇಕು. ಆ ಸ್ಥಿತಿಯಲ್ಲೇ ಪೆಟ್ರೋಲ್ ನಳಿಗೆಗೆ ಬಾಯಿಟ್ಟು ಊದಿದರೆ ಗಾಳಿ ಒಳಹೋಗಬಾರದು.

ಇನ್ನು ಎರಡನ್ನೂ ಒಂದೇ ಹೆಜ್ಜೆಗೆ ತರುವುದು. ಗಾಳಿಯ ಡಬ್ಬಿ ತೆಗೆದು ನೋಡಿದರೆ ಕಾರ್ಬುರೇಟರಿನ ಬಾಯಿಯೊಳಗೆ ಸ್ಲೈಡುಗಳ ಕೆಳಂಚು ಕಾಣುತ್ತದೆ. ಸೈಕಲ್ಲಿನ ಒಂದೇ ಕಡ್ಡಿಯನ್ನು ಎರಡು ತುಂಡು ಮಾಡಿ ಎರಡೂ ಸ್ಲೈಡುಗಳ ಅಡಿಗೆ ಒಂದೊಂದನ್ನು ಸಿಕ್ಕಿಸಿದೆ. ಆಕ್ಸಿಲರೇಟರನ್ನು ನಿಧಾನಕ್ಕೆ ತಿರುಗಿಸುವಾಗ ಎರಡು ಕಡ್ಡಿಗಳೂ ಒಟ್ಟಿಗೆ ಸಡಿಲವಾಗಬೇಕು. ಎಡದ್ದು ಮೊದಲು ಬಿದ್ದರೆ ಅದರ ಕೇಬಲಿನ ಅಡ್ಜಸ್ಟರನ್ನು ತುಸು ಒಳಕ್ಕೆ ತಿರುಗಿಸುವುದು. ಮನೆಯವಳು ಹ್ಯಾಂಡಲ್ ಹಿಡಿದು ತಿರುಗಿಸುತ್ತಿದ್ದಳು, ನಾನು ನೆಲದಲ್ಲಿ ಕೂತು ಕಡ್ಡಿಗಳನ್ನು ಬೆರಳಿನಿಂದ ಅಲುಗಿಸುತ್ತಿದ್ದೆ. "ಇದು ಅಡಕೆ ಸುಲಿಯುವುದಕ್ಕಿಂತ ಬೇಸರದ ಕೆಲಸ" ಎಂದಳು, ಒಪ್ಪಿದೆ. ಬಳಿಕ ಪೂರ್ತಿ ತಿರುಗಿಸಿದಾಗ ಎರಡೂ ಸ್ಲೈಡುಗಳು ಬಾಯಿಯಿಂದ ಪೂರ್ಣ ಮೇಲೇರುತ್ತವೆಯೇ ಎಂದು ಕನ್ನಡಿ ಹಿಡಿದು ನೋಡಿದೆ. ಕೊನೆಯಲ್ಲಿ ಆಯಿಲ್ ಪಂಪ್. ಅದರ ಗಾಲಿಯ ಗುರುತು ಪಿನ್ನಿಗೆ ಸರಿಯಾಗಿ ಬರಬೇಕು. ಕಾರ್ಬುರೇಟರ್ ಕೇಬಲ್ ಅಲುಗಿಸಿದ ಮೇಲೆ ಇದನ್ನು ನೋಡದೆ ಬಿಟ್ಟವರ ಪಿಸ್ಟನ್‌ಗಳನ್ನು ಉಪ್ಪಳದ ಮೇಸ್ತ್ರಿ ಕಾಕ ಅಂಗಡಿಯ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದಾರೆ.

ಮಿಕ್ಸ್ಚರಿಗೆ ಬಂದಾಗ ಹಳೆಯ ಪುಸ್ತಕವೂ ಇವತ್ತಿನ ಪೆಟ್ರೋಲೂ ಜಗಳಕ್ಕೆ ಬೀಳುತ್ತವೆ. ಪುಸ್ತಕದ ಅಂಕಿಗಳೆಲ್ಲ ಶುದ್ಧ ಪೆಟ್ರೋಲಿನ ಕಾಲದವು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇಕಡಾ 20ರಷ್ಟು ಎಥನಾಲ್. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಸಾಕು. ಅಂದರೆ ಅದೇ ಗಾಳಿಗೆ ತೂಕದಲ್ಲಿ ನೂರಕ್ಕೆ ಸುಮಾರು ಒಂಬತ್ತು ಪಾಲು, ಮಿಶ್ರಣ ತುಸು ಭಾರವಾದ್ದರಿಂದ ಅಳತೆಯಲ್ಲಿ ಏಳೆಂಟು ಪಾಲು ಹೆಚ್ಚು ಇಂಧನ ಹೋಗಬೇಕು. ಹಳೆಯ ಜೆಟ್ಟಿನಲ್ಲೇ ಓಡಿಸಿದರೆ ಮಿಕ್ಸ್ಚರ್ ತೆಳುವಾಗುತ್ತದೆ (ಗಾಳಿ ಹೆಚ್ಚು, ಇಂಧನ ಕಡಿಮೆ; ದಪ್ಪವೆಂದರೆ ಇದರ ತಿರುವುಮುರುವು), ಗಾಳಿಯಿಂದಲೇ ತಂಪಾಗಬೇಕಾದ ಈ ಎಂಜಿನ್ ಕಾಯುತ್ತದೆ. ತಲಪಾಡಿ ದಾಟಿ ಕರ್ನಾಟಕದ ಬಂಕಿನಲ್ಲಿ ತುಂಬಿಸಿದರೆ ಲೀಟರಿಗೆ ಒಂದೆರಡು ಕಾಸು ಉಳಿಯಬಹುದು, ಎಥನಾಲ್ ಅಲ್ಲಿಯೂ ಅಷ್ಟೇ. ಮಿಕುನಿಯ ಆರು ಮೂಲೆಯ ಮೇನ್ ಜೆಟ್ಟಿನ ನಂಬರು ಹರಿವಿನ ಲೆಕ್ಕದ್ದಾದ್ದರಿಂದ ಲೆಕ್ಕಾಚಾರ ಸುಲಭ: 100 ಇದ್ದಲ್ಲಿ 105 ಅಥವಾ 107.5. ನಾನು ದೊಡ್ಡದರಿಂದಲೇ ಶುರುಮಾಡಿದೆ. ಟೂ ಸ್ಟ್ರೋಕಿನಲ್ಲಿ ದಪ್ಪ ಮಿಕ್ಸ್ಚರಿನಿಂದ ಪ್ಲಗ್ ಕಪ್ಪಾಗುತ್ತದೆ. ತೆಳುವಿನಿಂದ ಪಿಸ್ಟನ್ ಹೋಗುತ್ತದೆ.

ಐಡ್ಲಿಂಗಿಗೆ ಪೈಲಟ್ ಏರ್ ಸ್ಕ್ರೂವನ್ನು ಮೆತ್ತಗೆ ತಳಮುಟ್ಟಿಸಿ ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ ತಂದು ಆರಂಭಿಸಿದೆ. ಈ ಸ್ಕ್ರೂ ಗಾಳಿಯದ್ದು, ಒಳಕ್ಕೆ ತಿರುಗಿಸಿದರೆ ಮಿಕ್ಸ್ಚರ್ ದಪ್ಪವಾಗುತ್ತದೆ. ಇಂಧನದ ಸ್ಕ್ರೂ ಇರುವ ಗಾಡಿಗಳಲ್ಲಿ ಇದು ತಿರುವುಮುರುವು, ಗೊಂದಲ ಹುಟ್ಟುವುದೇ ಇಲ್ಲಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಒಂದೊಂದೇ ಸಿಲಿಂಡರಿನಲ್ಲಿ ಕಾಲು ಕಾಲು ಸುತ್ತು ತಿರುಗಿಸಿ, ವೇಗ ಅತಿ ಹೆಚ್ಚಾಗುವ ಜಾಗ ಹುಡುಕಿ, ಅಲ್ಲಿಂದ ಒಂದಿಷ್ಟು ಒಳಕ್ಕೆ. ಹಿಂದೆ ಎರಡೂ ಸೈಲೆನ್ಸರ್‌ಗಳಿಗೆ ಅಂಗೈ ಅಡ್ಡ ಹಿಡಿದರೆ ಹೊಗೆಯ ತಟ್ಟು ಒಂದೇ ಸಮ ಇರಬೇಕು.

ಪೂರ್ಣ ವೇಗದ ಪರೀಕ್ಷೆಗೆ ಸೀತಾಂಗೋಳಿಯ ಪದವಿನ ನೇರ ರಸ್ತೆ, ಬೆಳಗ್ಗೆ ಬಸ್ಸುಗಳು ಹೊರಡುವ ಮೊದಲು. ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಸ್ವಲ್ಪ ದೂರ ಎಳೆಸಿ, ಅದೇ ಓಟದಲ್ಲಿ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಬದಿಗೆ ನಿಲ್ಲಿಸಿ ಪ್ಲಗ್ ಬಿಚ್ಚುವುದು. ಐಡ್ಲಿಂಗಿನಲ್ಲಿ ಮನೆಯವರೆಗೆ ತಂದು ಬಿಚ್ಚಿದರೆ ಕಾಣುವುದು ಐಡ್ಲಿಂಗಿನ ಬಣ್ಣ, ಅದರಿಂದ ಮೇನ್ ಜೆಟ್ಟಿನ ಸುದ್ದಿ ಗೊತ್ತಾಗದು. ಒಳಗಿನ ಪಿಂಗಾಣಿ ಒಣಗಿದ ಅಡಕೆ ಸಿಪ್ಪೆಯಂತೆ ತಿಳಿಗಂದಾಗಿ ಕಂಡರೆ ಸರಿ. ನನಗೆ ಮೊದಲು ಕಂಡದ್ದು ಕಡುಗಂದು. ಒಂದು ಹಂತ ಚಿಕ್ಕ ಜೆಟ್ಟಿಗೆ ಇಳಿದೆ. ಅರ್ಧ ಆಕ್ಸಿಲರೇಟರಿನಲ್ಲಿ ಮಾತ್ರ ಎಳೆತ ಕಡಿಮೆಯಿತ್ತು, ಅದು ನೀಡಲಿನ ಪ್ರಾಂತ. ಎರಡರ ಕ್ಲಿಪ್ಪನ್ನೂ ಒಂದು ಗೀರು ಕೆಳಗಿಳಿಸಿದಾಗ ನೀಡಲ್ ಮೇಲೆದ್ದು ಪೆಟ್ರೋಲು ಹೆಚ್ಚಿತು, ಎಳೆತ ಬಂತು.

ಆಮೇಲೆ ಮುಳ್ಳೇರಿಯ, ಆದೂರು, ಜಾಲ್ಸೂರು, ಸುಳ್ಯ ದಾರಿಯಾಗಿ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋದೆ. ಕಡಲಮಟ್ಟದಲ್ಲಿ ಹದ ಮಾಡಿದ ಎಂಜಿನ್ 1,100 ಮೀಟರಿಗೂ ಮೇಲೆ ಗಾಳಿ ತೆಳುವಾದಾಗ ತಾನಾಗಿ ದಪ್ಪ ಮಿಕ್ಸ್ಚರಿಗೆ ತಿರುಗುತ್ತದೆ. ಘಾಟಿಯ ಮೇಲಿನ ತಿರುವುಗಳಲ್ಲಿ ಪೂರ್ತಿ ರೇಸ್ ಕೊಟ್ಟಾಗ ಅದು ತಡವರಿಸುತ್ತ ಗುಡುಗಿದ್ದು ಇದರಿಂದಲೇ. ಅಲ್ಲಿ ಸ್ಕ್ರೂ ಮುಟ್ಟಲಿಲ್ಲ. ಇಳಿಯುವಾಗ ಸುಳ್ಯದ ಹೊತ್ತಿಗೆ ಮತ್ತೆ ಸರಿಯಾಯಿತು.

ಜೂನಿನಿಂದ ಸೆಪ್ಟೆಂಬರಿನ ತನಕ ಗಾಡಿ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಮುಚ್ಚಿ, ಬಟ್ಟಲುಗಳು ಖಾಲಿಯಾಗಿ ಎಂಜಿನ್ ತಾನೇ ಆರುವ ತನಕ ಐಡ್ಲಿಂಗಿನಲ್ಲಿ ಬಿಡುತ್ತೇನೆ. ಎಥನಾಲ್ ತೇವ ಹೀರುತ್ತದೆ. ಹೀರಿದ್ದು ಮಿತಿ ಮೀರಿದರೆ ನೀರಿನೊಂದಿಗೆ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಆಗ ಮತ್ತೆ ಅದೇ ಬಿಳಿ ಹುಡಿ. ಪೆಟ್ರೋಲ್ ಪೈಪು, ಕಾಕ್‌ನ ವಾಷರು ಎರಡನ್ನೂ ಎಥನಾಲ್ ತಡೆಯುವ ರಬ್ಬರಿಗೆ ಬದಲಿಸಿದ್ದೇನೆ. ಬಲಬದಿಯ ಪ್ಲಗ್ ಮಾತ್ರ ಈಗಲೂ ಎಡದ್ದಕ್ಕಿಂತ ಒಂದು ಪಟ್ಟು ಕಪ್ಪು, ಸ್ವಲ್ಪ ಎಣ್ಣೆಜಿಡ್ಡು ಬೇರೆ. ಜೆಟ್ಟುಗಳು ಎರಡೂ ಬದಿ ಒಂದೇ, ಸ್ಲೈಡುಗಳೂ ಸಮ. "ಭಟ್ಟರೇ, ಅದು ಗೇರುಬಾಕ್ಸಿನ ಎಣ್ಣೆ, ಬಲಗಡೆಯ ಸೀಲು ಎಳೆಯುತ್ತಿದೆ, ಕಾರ್ಬುರೇಟರ್ ಮುಟ್ಟಬೇಡಿ" ಎಂದರು ಕಾಕ. ಗೇರ್ ಆಯಿಲಿನ ಮಟ್ಟ ಗುರುತು ಹಾಕಿಟ್ಟಿದ್ದೇನೆ. ಇಳಿದರೆ ಅಡಕೆ ಕೊಯ್ಲು ಮುಗಿದ ಮೇಲೆ ಕ್ಲಚ್ ಕವರ್ ಬಿಚ್ಚುವುದು.