ಲಿನಕ್ಸ್‌ನಲ್ಲಿ ಕನ್ನಡದ ಕೆಲಸ: ನಾನು ಹೊಂದಿಸಿಕೊಂಡ ಬಗೆ

ನಮ್ಮ ಸಂಘದ ಪತ್ರಿಕೆಯನ್ನು ನಾನು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯಲ್ಲೇ ಸಿದ್ಧಮಾಡುತ್ತೇನೆ. ಹೆಚ್ಚು ಕಾಡುವುದು ಲೇಖಕರು ಕಳಿಸುವ ಹಳೆಯ ಫೈಲುಗಳು. ಬರವಣಿಗೆಯ ತಂತ್ರಾಂಶವಾದ ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ಪಿ, ತಲೆಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ ಸಾಲಾಗಿ ಕೂತಿರುತ್ತವೆ. ಫೈಲು ಕೆಟ್ಟಿರುವುದಿಲ್ಲ. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ, ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದದ್ದು ಅದು. ಅಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಹಾಕಿಕೊಂಡರೆ ಓದಬಹುದು, ಆದರೆ ಪದ ಹುಡುಕಲು ಬರುವುದಿಲ್ಲ. ವಾಟ್ಸಾಪಿಗೆ ಅಂಟಿಸಿದರೆ ಮತ್ತೆ ಅದೇ ಪೌಂಡ್ ಚಿಹ್ನೆ! ಹಾಗಾಗಿ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ತಿದ್ದಲು ಕೂರುತ್ತೇನೆ. ಪರಿವರ್ತಿಸುವಾಗ ಲೇಖನದ ನಡುವೆ ಇಂಗ್ಲಿಷ್ ಹೆಸರುಗಳಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ನೋಡಲೇಬೇಕು.

ಟೈಪಿಂಗಿಗೆ ಐಬಸ್ (ಬೇರೆ ಬೇರೆ ಭಾಷೆಗಳಲ್ಲಿ ಟೈಪಿಸಲು ನೆರವಾಗುವ ತಂತ್ರಾಂಶ) ಜೊತೆ, ಹಲವು ಭಾಷೆಗಳ ಕೀಲಿಮಣೆ ವಿನ್ಯಾಸಗಳಿರುವ ಎಂ17ಎನ್ ಪ್ಯಾಕೇಜ್ ಸಾಕು. ಅದರಲ್ಲಿ ಕೆಜಿಪಿ ಎಂಬ ಕೀಲಿಮಣೆ ಇದೆ. ನುಡಿಯಲ್ಲಿರುವ, ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ಅದು, ಒತ್ತಕ್ಷರಕ್ಕೆ ಅದೇ ಎಫ್ ಕೀ. ನುಡಿಯಲ್ಲಿ ಪಳಗಿದ ಕೈಗೆ ಹೊಸದಾಗಿ ಕಲಿಯುವಂಥದ್ದು ಏನೂ ಇಲ್ಲ.

ನನ್ನನ್ನು ಸತಾಯಿಸಿದ್ದು ‘ಸಾಫ್ಟ್‌ವೇರ್’ನಂಥ ಪದಗಳು. ಟೈಪಿಸಿದರೆ ‘ಸಾಫ್ಟ್ವೇರ್’ ಎಂದು ವಕಾರ ಕೆಳಗಿಳಿದು ಒತ್ತಾಗುತ್ತಿತ್ತು. ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಬೇಕು. ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿ, 200ಸಿ ಎಂದು ಟೈಪಿಸಿ ಎಂಟರ್ ಕೊಟ್ಟರೆ ಅದು ಬರುತ್ತದೆ. ಒಂದು ಪುಟದಲ್ಲಿ ಅಂಥ ಪದಗಳು ಹತ್ತಾರು ಇದ್ದಾಗ ಇದು ನಡೆಯುವ ಮಾತಲ್ಲ. ಎಂ17ಎನ್‌ನ ಕೀಲಿಮಣೆಗಳು ಬರೀ ಪಠ್ಯದ ಫೈಲುಗಳು, ಯಾರು ಬೇಕಾದರೂ ತೆರೆದು ಓದಬಹುದು. ಕೆಜಿಪಿಯ ಫೈಲನ್ನು ನನ್ನ ಹೋಮ್ ಫೋಲ್ಡರಿಗೆ ನಕಲು ಮಾಡಿಕೊಂಡು, ನಾನು ಬಳಸದ ಒಂದು ಕೀಗೆ ಈ ಚಿಹ್ನೆಯನ್ನು ಕೊಟ್ಟೆ. ಸಿಸ್ಟಮ್‌ನ ಮೂಲ ಫೈಲನ್ನೇ ತಿದ್ದಿದ್ದರೆ ಮುಂದಿನ ಅಪ್‌ಡೇಟಿನಲ್ಲಿ ಅಳಿಸಿಹೋಗುತ್ತಿತ್ತು. ಐಬಸ್ ಮರುಚಾಲನೆ ಮಾಡಿದ ಮೇಲೆ ಒಂದೇ ಒತ್ತಿಗೆ ಪದ ಸರಿಯಾಗಿ ಕೂತಾಗ ಆದ ಖುಷಿ ದೊಡ್ಡದು.

ಪ್ರಿಂಟರ್‌ ವಿಷಯ ಇಷ್ಟು ಹಸನಾಗಿಲ್ಲ. ನನ್ನ ಹಳೆಯ ಲೇಸರ್ ಪ್ರಿಂಟರಿಗೆ ಕಂಪನಿಯದೇ ಡ್ರೈವರ್ (ಪ್ರಿಂಟರನ್ನು ನಡೆಸುವ ತಂತ್ರಾಂಶ) ಬೇಕು, ಮಿಂಟ್‌ನ ಹೊಸ ಆವೃತ್ತಿಗಳಲ್ಲಿ ಅದು ನಡೆಯದು. ಸದ್ಯ ಪಿಡಿಎಫ್ ಮಾಡಿ ಅಂಗಡಿಯಲ್ಲಿ ಮುದ್ರಿಸಿಕೊಳ್ಳುತ್ತೇನೆ. ಹೊಸದು ಕೊಳ್ಳುವವರು ಏರ್‌ಪ್ರಿಂಟ್ ಅಥವಾ ಐಪಿಪಿ ಎವ್ರಿವೇರ್ ಎಂಬ ಸೌಲಭ್ಯ ಇದೆಯೇ ಎಂದು ವಿಚಾರಿಸಿ. ಅಂಥವುಗಳಿಗೆ ಸಾಮಾನ್ಯವಾಗಿ ಬೇರೆ ಡ್ರೈವರ್ ಬೇಕಾಗುವುದಿಲ್ಲ.