ಕೆರೆಯ ಹೂಳೆತ್ತುವ ಮೊದಲು ಪಾಲು ಮಾತಾಡಿಕೊಳ್ಳಿ

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಅನುದಾನ ಬಂತು ಅಂದ ಕೂಡಲೇ ಜೆಸಿಬಿ ಇಳಿಯುತ್ತದೆ. ಕೆರೆ ತುಂಬಿದರೆ ಅದರ ನೀರು ಹಾಯುವ ಅಚ್ಚುಕಟ್ಟಿನಲ್ಲಿ ಜಮೀನಿದ್ದವರಿಗೆ ಬೆಳೆ ಸಿಗುತ್ತದೆ. ಜಮೀನೇ ಇಲ್ಲದ ಮನೆಗೆ? ಬಡತನ ಕಡಿಮೆಯಾಗಲಿ ಅಂತ ಯೋಜನೆ ತಂದಿದ್ದರೆ ಈ ಪ್ರಶ್ನೆಯನ್ನು ಮೊದಲೇ ಕೇಳಬೇಕು, ಅಲ್ವಾ?

ಮೊದಲು ನಕ್ಷೆ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಕೆರೆ ಬರೆಯಿರಿ. ಏರಿ, ಗದ್ದೆಗೆ ನೀರು ಬಿಡುವ ತೂಬು, ಹೆಚ್ಚಾದ ನೀರು ಹೊರಹೋಗುವ ಕೋಡಿ, ನೀರು ಬರುವ ಕಾಲುವೆ, ಸುತ್ತ ಪ್ರತಿಯೊಂದು ಮನೆ ಬರಲಿ. ಯಾರಿಗೆ ಜಮೀನಿಲ್ಲ, ಯಾರು ಗುಳೆ ಹೋಗುತ್ತಾರೆ ಅನ್ನುವುದನ್ನೂ ಗುರುತು ಮಾಡಿ. ಹೆಂಗಸರು, ದಲಿತರು ಬಂದು ಕೂರಲು ಹಿಂಜರಿಯುವ ಜಾಗದಲ್ಲಿ ಸಭೆ ಬೇಡ. ಕೂಲಿ ಮುಗಿದ ಮೇಲೆ, ಸಂಜೆ, ಅವರ ಕೇರಿಯಲ್ಲೇ ಸೇರಿ. ಕೆರೆ ನೀರು ಬಿಡುವ ಕೆಲಸ ನೋಡಿಕೊಳ್ಳುವ ನೀರುಗಂಟಿಯನ್ನು ಮರೆಯದೆ ಕರೆಯಿರಿ. ಕಾಲುವೆ ಎಲ್ಲಿ ಮುಚ್ಚಿಹೋಗಿದೆ ಅಂತ ಅವರಿಗೆ ಗೊತ್ತಿರುತ್ತದೆ.

ಆಮೇಲೆ ಪಾಲಿನ ಮಾತು. ಇಲ್ಲಿ ಆತುರ ಬೇಡ. ಹರಿಯಾಣದ ಸುಖೋಮಾಜ್ರಿ ಊರಿನಲ್ಲಿ 1970ರ ದಶಕದಲ್ಲಿ ಗುಡ್ಡದ ಮಣ್ಣು ಕೊಚ್ಚಿಹೋಗಿ ಚಂಡೀಗಢದ ಸುಖನಾ ಕೆರೆಗೆ ಹೂಳು ತುಂಬುತ್ತಿತ್ತು. ಊರ ಹತ್ತಿರ ಸಣ್ಣ ಒಡ್ಡು ಕಟ್ಟಿ ನೀರು ನಿಲ್ಲಿಸಿದರು. ಜಮೀನಿಲ್ಲದವರೂ ಸೇರಿ ಪ್ರತಿ ಮನೆಗೂ ಆ ನೀರಿನಲ್ಲಿ ಹಕ್ಕು ಕೊಟ್ಟರು. ಎಲ್ಲರಿಗೂ ಪಾಲು ಸಿಕ್ಕಿದ್ದರಿಂದಲೇ ಊರವರು ಗುಡ್ಡಕ್ಕೆ ದನ, ಮೇಕೆ ಬಿಡುವುದನ್ನು ತಾವಾಗಿಯೇ ನಿಲ್ಲಿಸಿದರು. ನಮ್ಮ ಕೆರೆಯಲ್ಲಿ ನೀರು ಹಂಚುವುದು ಕಷ್ಟವಾದರೆ ಮೀನು, ಕೆರೆ ಅಂಗಳದ ಹುಲ್ಲು, ಏರಿ ಆಚೆಯ ಮರಗಳ ಫಸಲು ಇವೆ. ಮೀನಿನ ಹಕ್ಕು ಪಂಚಾಯಿತಿಯದೋ ಇಲಾಖೆಯದೋ ವಿಚಾರಿಸಿ, ಜಮೀನಿಲ್ಲದವರ ಸಂಘಕ್ಕೆ ಕೊಡಿಸಲು ಪ್ರಯತ್ನಿಸಿ.

ಹೊಲ ಫಲವತ್ತಾಗಲಿ ಅಂತ ಹಾಕಿಕೊಳ್ಳುವ ಹೂಳಿನದು ದೊಡ್ಡ ತಕರಾರು. ಟ್ರ್ಯಾಕ್ಟರ್ ಇದ್ದವರು ಲೋಡುಗಟ್ಟಲೆ ಹೊಡೆದುಕೊಳ್ಳುತ್ತಾರೆ, ಒಂದೆಕರೆ ಕೆಂಪು ಮಣ್ಣಿನ ಹೊಲ ಇರುವವರು ಸುಮ್ನೆ ನೋಡುತ್ತಾ ನಿಲ್ಲುತ್ತಾರೆ. ಆದ್ದರಿಂದ ಯಾರಿಗೆ ಎಷ್ಟು ಲೋಡು ಅಂತ ಮೊದಲೇ ಪಟ್ಟಿ ಮಾಡಿ. ಸಣ್ಣ ಹಿಡುವಳಿದಾರರ ಹೆಸರು ಮೇಲಿರಲಿ, ಅವರ ಸಾಗಣೆ ಖರ್ಚನ್ನೂ ಯೋಜನೆಯ ಲೆಕ್ಕಕ್ಕೆ ಸೇರಿಸಲು ಕೇಳಿ. ಹೊಲಕ್ಕೆ ಹಾಕುವ ಮುಂಚೆ ಹೂಳನ್ನು ಪರೀಕ್ಷೆ ಮಾಡಿಸಿ.

ಒಪ್ಪಿದ್ದನ್ನೆಲ್ಲ ವಾರ್ಡ್ ಸಭೆ, ಗ್ರಾಮ ಸಭೆಯಲ್ಲಿ ಓದಿ ನಡಾವಳಿಗೆ ಬರೆಸಿ. ಬಾಯಿಮಾತು ನಿಲ್ಲುವುದಿಲ್ಲ.

ಅಗೆಯುವಾಗ ಏರಿಯ ಬುಡಕ್ಕೆ ಕೈ ಹಾಕಬೇಡಿ, ಏರಿ ಸಡಿಲವಾಗುತ್ತದೆ. ತೂಬಿನ ಮಟ್ಟಕ್ಕಿಂತ ಕೆಳಗೆ ಅಗೆದರೆ ಆ ನೀರು ತಾನಾಗಿ ಗದ್ದೆಗೆ ಹರಿಯುವುದಿಲ್ಲ. ದನಕರುಗಳಿಗೆ, ಮೀನಿಗೆ ಬೇಕಾದರೆ ಸರಿ. ಕೂಲಿ, ಡೀಸೆಲ್, ಲೋಡಿನ ಲೆಕ್ಕವನ್ನು ಎಲ್ಲರಿಗೂ ಕಾಣುವ ಗೋಡೆಯ ಮೇಲೆ ಬರೆಯಿರಿ.

ವಿಶ್ವಬ್ಯಾಂಕ್ ನೆರವಿನ ಕೆರೆ ಯೋಜನೆ ರಾಜ್ಯದಲ್ಲಿ 2002ರಲ್ಲಿ ಶುರುವಾದಾಗ ಊರೂರಲ್ಲಿ ಕೆರೆ ಬಳಕೆದಾರರ ಸಂಘ ಕಟ್ಟಿದರು. ಅಂಥ ಸಂಘ ನಿಮ್ಮಲ್ಲೂ ಇರಬಹುದು, ಹಳೇ ಪುಸ್ತಕ ಹುಡುಕಿ ಜೀವ ಕೊಡಿ. ಮೀನು, ಹುಲ್ಲಿನಿಂದ ಬಂದದ್ದರಲ್ಲಿ ಒಂದು ಪಾಲು ಸಂಘದ ಖಾತೆಗೆ ಹೋಗಲಿ. ಖಾತೆಗೆ ಇಬ್ಬರ ಸಹಿ, ಒಬ್ಬರು ಹೆಂಗಸೇ ಆಗಿರಲಿ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಕಾಲುವೆ ಬಿಡಿಸುವ ಕೂಲಿಯನ್ನು ಆ ಹಣದಿಂದಲೇ ಕೊಡಿ.