ಶಾಲೆಯ ದಾಖಲಾತಿ ಪುಸ್ತಕವನ್ನು ಹಿಡಿದು ಸಮಾಜಗಳನ್ನು ಹೋಲಿಸುವ ಬಗೆ

ಬೇರೆ ಬೇರೆ ಸಮಾಜಗಳ ಸಂಸ್ಕೃತಿಯನ್ನೂ ಶಿಕ್ಷಣದ ಚರಿತ್ರೆಯನ್ನೂ ಅರಿಯಬಯಸುವವರು ಸಾಮಾನ್ಯವಾಗಿ ದೂರದ ದೇಶದಿಂದಲೇ ಆರಂಭಿಸುತ್ತಾರೆ. ಜಪಾನಿನಲ್ಲಿ ಹೀಗಂತೆ, ಇಂಗ್ಲೆಂಡಿನಲ್ಲಿ ಹಾಗಂತೆ ಎಂದು ಸಂಗತಿಗಳನ್ನು ಕೂಡಿಹಾಕಿದ ಮೇಲೆ ಕೊನೆಗೆ ಉಳಿಯುವುದು ಯಾರು ಮುಂದೆ, ಯಾರು ಹಿಂದೆ ಎಂಬ ಲೆಕ್ಕ ಮಾತ್ರ. ಮಂಡ್ಯ, ಮೈಸೂರು ಸೀಮೆಯವರಿಗೆ ನಾನು ಸೂಚಿಸುವುದು ಬೇರೆಯ ದಾರಿ. ನಿಮ್ಮೂರಿನ ಹಳೆಯ ಸರ್ಕಾರಿ ಶಾಲೆಯಿಂದ ಹೊರಡಿ. ಅಲ್ಲಿ ಹುಟ್ಟಿದ ಒಂದೇ ಪ್ರಶ್ನೆಯನ್ನು ಹಿಡಿದು ಇನ್ನೊಂದು ಸಮಾಜದ ಬಳಿಗೆ ಹೋಗಿ.

ಮೊದಲು ನೋಡಬೇಕಾದದ್ದು ಶಾಲೆಯ ದಾಖಲಾತಿ ರಿಜಿಸ್ಟರ್. ಮುಖ್ಯೋಪಾಧ್ಯಾಯರಿಗೆ ಉದ್ದೇಶವನ್ನು ಬರವಣಿಗೆಯಲ್ಲಿ ತಿಳಿಸಿ, ಅಗತ್ಯವಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಪಡೆದು, ಶಾಲೆಯಲ್ಲೇ ಕುಳಿತು ಓದಿ. ಪುಸ್ತಕವನ್ನು ಮನೆಗೆ ಒಯ್ಯುವ ಮಾತು ಎತ್ತಲೇಬೇಡಿ. ಅದರಲ್ಲಿ ಮಗುವಿನ ಹೆಸರು, ಜಾತಿ, ತಂದೆಯ ಕಸುಬು, ಸೇರಿದ ತಾರೀಖು, ಬಿಟ್ಟ ತಾರೀಖು, ಬಿಟ್ಟ ಕಾರಣ ಇವೆಲ್ಲ ಇರುತ್ತವೆ. ಹೆಸರುಗಳನ್ನು ಬರೆದುಕೊಳ್ಳಬೇಡಿ. ಹತ್ತು ಹತ್ತು ವರ್ಷಗಳ ಕಂತು ಮಾಡಿಕೊಂಡು, ಸೇರಿದ ಹುಡುಗರೆಷ್ಟು, ಹುಡುಗಿಯರೆಷ್ಟು, ಯಾವ ತರಗತಿಯಲ್ಲಿ ಶಾಲೆ ಬಿಟ್ಟರು, ಯಾವ ಕೇರಿಯ ಮಕ್ಕಳು ಯಾವ ವರ್ಷ ಮೊದಲು ಕಾಣಿಸಿಕೊಂಡರು ಎಂಬುದನ್ನಷ್ಟೇ ಎಣಿಸಿಕೊಂಡರೆ ಸಾಕು.

ರಿಜಿಸ್ಟರಿನಲ್ಲಿರುವುದೆಲ್ಲ ನಿಜವೆಂದು ನಂಬಬಾರದು. ಹುಟ್ಟಿದ ದಿನದ ಕಾಲಮ್ಮಿನಲ್ಲಿ ಜೂನ್ 1 ಎಂಬುದು ಮತ್ತೆ ಮತ್ತೆ ಬರುವುದನ್ನು ನೀವೇ ನೋಡುತ್ತೀರಿ. ಜನನ ನೋಂದಣಿ ಇಲ್ಲದ ಮನೆಗಳ ಮಕ್ಕಳನ್ನು ಸೇರಿಸಿಕೊಳ್ಳುವಾಗ ಮೇಷ್ಟರು ಅಂದಾಜಿನ ಮೇಲೆ ಬರೆದ ತಾರೀಖು ಅದು. ಹಾಗೆಂದು ಅದು ನಿರುಪಯುಕ್ತವಲ್ಲ. ಹುಟ್ಟಿದ ದಿನವನ್ನು ಬರೆದಿಟ್ಟುಕೊಳ್ಳುವ ಅಗತ್ಯ ಯಾವ ಮನೆಗೆ ಯಾವ ಕಾಲದಲ್ಲಿ ಬಂತು ಎಂಬುದನ್ನು ಜೂನ್ 1 ವಿರಳವಾಗುತ್ತ ಹೋಗುವ ಪುಟಗಳು ತಿಳಿಸುತ್ತವೆ. 'ಬಿಟ್ಟ ಕಾರಣ' ಎಂಬಲ್ಲಿ ಒಂದೇ ಮಾತು ಸಾಲಾಗಿ ಬರೆದಿದ್ದರೂ ಹೀಗೆಯೇ ಅನುಮಾನಿಸಿ, ನಿಜವಾದ ಕಾರಣಕ್ಕೆ ಊರಿನ ಹಿರಿಯರ ಬಳಿಗೆ ಹೋಗಿ.

ಹಾಜರಿ ಪುಸ್ತಕ ಉಳಿದಿದ್ದರೆ ಅದು ಇನ್ನೂ ದೊಡ್ಡ ಸಂಪತ್ತು. ನಾನು ನೋಡಿದ ಒಂದು ಶಾಲೆಯಲ್ಲಿ ಹಳೆಯ ಹಾಜರಿ ಪುಸ್ತಕಗಳನ್ನೆಲ್ಲ ಗೆದ್ದಲು ತಿಂದು ಮುಗಿಸಿತ್ತು, ಆ ನೋವು ಇಂದಿಗೂ ಹೋಗಿಲ್ಲ. ರಾಗಿ ಕೊಯ್ಲಿನ ವಾರಗಳಲ್ಲಿ, ನಾಟಿಯ ದಿನಗಳಲ್ಲಿ, ಆಲೆಮನೆ ಹೂಡಿದಾಗ ಹಾಜರಿ ಹೇಗೆ ಇಳಿಯುತ್ತದೆ ಎಂಬುದನ್ನು ಗುರುತು ಮಾಡಿಕೊಳ್ಳಿ. ಮಂಡ್ಯದ ಕಡೆಯವರಾದರೆ ಕನ್ನಂಬಾಡಿಯ ನಾಲೆ ನೀರು ಊರಿಗೆ ಬಂದ ವರ್ಷವನ್ನೂ, 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಗೆ ಊರಿನ ಕಬ್ಬು ಹೋಗತೊಡಗಿದ ವರ್ಷವನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ನೀರು ಬಂದಾಗ ಮನೆಯಲ್ಲಿ ಫೀಸಿಗೆ ದುಡ್ಡು ಬಂತು. ಅದೇ ನೀರು ಗದ್ದೆಯ ಕೆಲಸವನ್ನೂ ಹೆಚ್ಚಿಸಿತು. ಈ ಎರಡರಲ್ಲಿ ಯಾವುದು ಯಾವ ಮನೆಯ ಮಗುವನ್ನು ಎಳೆಯಿತು ಎಂಬುದು ಬಹಳ ಒಳ್ಳೆಯ ಪ್ರಶ್ನೆ. ಸ್ಕಾಟ್ಲೆಂಡಿನಲ್ಲಿ ಅಕ್ಟೋಬರ್ ರಜೆಗೆ ಈಗಲೂ ಆಲೂಗಡ್ಡೆ ರಜೆ ಎಂಬ ಹೆಸರಿದೆ, ಏಕೆಂದರೆ ಗಡ್ಡೆ ಆಯಲು ಮಕ್ಕಳು ಬೇಕಾಗಿದ್ದರು. ಅಲ್ಲಿ ಶಾಲೆಯೇ ಬೆಳೆಗೆ ಹೊಂದಿಕೊಂಡಿತು. ನಮ್ಮಲ್ಲಿ ಮಗು ಗೈರುಹಾಜರಾಯಿತು.

ಹಿರಿಯರನ್ನು ಮಾತನಾಡಿಸುವಾಗ 'ನೀವೇಕೆ ಓದಲಿಲ್ಲ?' ಎಂದು ಎಂದಿಗೂ ಕೇಳಬೇಡಿ. ಆ ಪ್ರಶ್ನೆ ತಪ್ಪನ್ನು ಅವರ ಮೇಲೆ ಹೊರಿಸುತ್ತದೆ. 'ಅಜ್ಜಿ, ನೀವು ಚಿಕ್ಕವರಿದ್ದಾಗ ಬೆಳಗಾದರೆ ಏನೇನು ಕೆಲಸ ಇರುತ್ತಿತ್ತು?' ಎಂದು ಕೇಳಿ. ಮದ್ದೂರು ಸೀಮೆಯ ಒಬ್ಬ ಅಜ್ಜಿ ನನಗೆ ಹೇಳಿದ್ದು ಇಷ್ಟೇ: 'ನಮ್ಮವ್ವ ನಾಟಿ ಹಾಕಕ್ಕೋಯ್ತಿದ್ಲು ಕಣಪ್ಪ, ಕೂಸ ನಾನೇ ಎತ್ಕಂಡಿರ್ಬೇಕಿತ್ತು.' ಇಂಥ ಮಾತನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದದೆ ಹಾಗೆಯೇ ಬರೆದುಕೊಳ್ಳಿ. ರಿಜಿಸ್ಟರಿನಲ್ಲಿ ಇಲ್ಲದೇ ಇರುವ ಹುಡುಗಿಯರು ಎಲ್ಲಿದ್ದರು ಎಂಬುದಕ್ಕೆ ಉತ್ತರ ಅದರಲ್ಲೇ ಇದೆ.

ಈಗ ಈ ಪ್ರಶ್ನೆಯನ್ನು ಹೊತ್ತು ಹೊರಗೆ ಹೋಗಿ: ಕೂಸನ್ನು ನೋಡಿಕೊಳ್ಳುವ ಅಕ್ಕನಿಗೆ ಬೇರೆ ಸಮಾಜಗಳು ಏನು ಮಾಡಿದವು? ಜಪಾನ್ 1872ರ ಶಿಕ್ಷಣ ಶಾಸನದಲ್ಲಿ, ಓದು ಬಾರದ ಮನೆಯಿರುವ ಊರು ಇರಬಾರದು, ಓದು ಬಾರದವರಿರುವ ಮನೆ ಇರಬಾರದು ಎಂಬ ಗುರಿಯನ್ನು ಸಾರಿತು. ಆದರೆ ಅಲ್ಲಿಯೂ ಬಡಮನೆಯ ಹುಡುಗಿಯರು ತಮ್ಮನನ್ನೋ ತಂಗಿಯನ್ನೋ, ಇಲ್ಲವೇ ಕೂಲಿಗಾಗಿ ಬೇರೆಯವರ ಕೂಸನ್ನೋ, ಬೆನ್ನಿಗೆ ಕಟ್ಟಿಕೊಂಡು ದಿನ ಕಳೆಯುತ್ತಿದ್ದರು. ಅವರಿಗಾಗಿಯೇ 'ಕೋಮೋರಿ' ಶಾಲೆಗಳು, ಎಂದರೆ ಕೂಸು ನೋಡಿಕೊಳ್ಳುವವರ ಶಾಲೆಗಳು, ಹುಟ್ಟಿಕೊಂಡವು. ಹುಡುಗಿ ಕೂಸಿನ ಸಮೇತ ಬರಬಹುದಾಗಿತ್ತು. ನಮ್ಮಲ್ಲಿ ಹುಡುಕಿದರೆ ಇನ್ನೊಂದು ಬಗೆಯ ಉತ್ತರ ಸಿಗುತ್ತದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಈ ಯೋಜನೆಯ ಅಂಗನವಾಡಿ ಕೂಸಿನ ಆಹಾರ, ಆರೋಗ್ಯಕ್ಕಾಗಿ ಬಂದದ್ದಾದರೂ ಅಕ್ಕನ ಕಂಕುಳನ್ನೂ ಹಗುರ ಮಾಡಿತೇ? ನಿಮ್ಮೂರಿನಲ್ಲಿ ಅಂಗನವಾಡಿ ತೆರೆದ ವರ್ಷವನ್ನು ಕೇಳಿ ತಿಳಿದು, ಅದರ ಹಿಂದಿನ ಮತ್ತು ಮುಂದಿನ ಐದು ವರ್ಷಗಳಲ್ಲಿ ಹುಡುಗಿಯರ ದಾಖಲಾತಿಯನ್ನು ಎಣಿಸಿ ನೋಡಿ. ಸಂಖ್ಯೆ ಏರಿದ್ದರೂ ಅದೊಂದೇ ಕಾರಣವೆಂದು ತೀರ್ಮಾನಿಸುವ ಮುನ್ನ ರಸ್ತೆ, ಬಸ್ಸು, ಶಾಲೆಯ ಊಟ ಇವುಗಳ ವರ್ಷವನ್ನೂ ವಿಚಾರಿಸಬೇಕು.

ಕಾನೂನುಗಳನ್ನು ಹೋಲಿಸುವಾಗ ವಿಶೇಷ ಎಚ್ಚರ ಬೇಕು. ಬರೋಡಾ ಸಂಸ್ಥಾನದಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮ್ರೇಲಿಯಲ್ಲಿ ಪ್ರಯೋಗ ಮಾಡಿ 1906ರಲ್ಲಿ ಇಡೀ ಸಂಸ್ಥಾನಕ್ಕೆ ಕಡ್ಡಾಯ ಶಿಕ್ಷಣವನ್ನು ವಿಸ್ತರಿಸಿದರು. ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ಬಂತು. ಇವು ಆದೇಶದ ವರ್ಷಗಳು, ಮಗು ಬೆಂಚಿನ ಮೇಲೆ ಕುಳಿತ ವರ್ಷಗಳಲ್ಲ. ಜಪಾನಿನಲ್ಲಿ ಶಾಸನ ಬಂದ ಮರುವರ್ಷವೇ ಕೆಲವೆಡೆ ರೈತರು ಶಾಲೆಗಳನ್ನು ಸುಟ್ಟರು, ಏಕೆಂದರೆ ಖರ್ಚಿನ ಭಾರ ಊರಿನವರ ಮೇಲೆಯೇ ಬಿದ್ದಿತ್ತು. ಮೈಸೂರು ಸರ್ಕಾರ 1915ರಲ್ಲಿ ಅಸ್ಪೃಶ್ಯರೆನಿಸಿಕೊಂಡ ಜಾತಿಗಳ ಮಕ್ಕಳಿಗೂ ಸರ್ಕಾರಿ ಶಾಲೆಗಳ ಬಾಗಿಲನ್ನು ತೆರೆಯಬೇಕೆಂದು ಆದೇಶಿಸಿತು. ನಿಮ್ಮೂರಿನ ರಿಜಿಸ್ಟರಿನಲ್ಲಿ ಆ ಕೇರಿಯ ಮೊದಲ ಮಗು ಸೇರಿದ್ದು ಯಾವ ವರ್ಷ? ನಡುವಿನ ಅಂತರವೇ ಸಾಮಾಜಿಕ ಚರಿತ್ರೆ, ಅದನ್ನು ತುಂಬುವುದೇ ನಿಮ್ಮ ಕೆಲಸ. ಈಗಿನ ಕೇರಳದ ತಿರುವಾಂಕೂರು ಸಂಸ್ಥಾನದಲ್ಲಿ 20ನೆಯ ಶತಮಾನದ ಆರಂಭದಲ್ಲಿ ಅಯ್ಯನ್‌ಕಾಳಿಯವರ ನಾಯಕತ್ವದಲ್ಲಿ ಪುಲಯ ಸಮುದಾಯದ ಕೃಷಿ ಕೂಲಿಗಳು, ತಮ್ಮ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳದಿದ್ದರೆ ಗದ್ದೆಗೆ ಇಳಿಯುವುದಿಲ್ಲವೆಂದು ಕೆಲಸ ನಿಲ್ಲಿಸಿದ್ದರು. ಭತ್ತದ ಗದ್ದೆ ನಮ್ಮಲ್ಲೂ ಇತ್ತು, ಕೂಲಿಯವರೂ ಇದ್ದರು. ನಮ್ಮಲ್ಲಿ ಬಾಗಿಲು ತೆರೆದದ್ದು ಹೋರಾಟದಿಂದಲೋ, ಒಬ್ಬ ಮೇಷ್ಟರ ಹಟದಿಂದಲೋ, ಹಾಸ್ಟೆಲಿನಿಂದಲೋ ಎಂದು ಕೇರಿಯ ಹಿರಿಯರನ್ನೇ ಕೇಳಬೇಕು. ಊರ ಗೌಡರ ಮಾತಷ್ಟೇ ಸಾಲದು.

ಸರ್ಕಾರಿ ಶಾಲೆಗಿಂತ ಹಿಂದಿನ ಕಾಲವನ್ನು ಮರೆಯಬೇಡಿ. ಐಗಳು, ಎಂದರೆ ಊರಿನ ಮೇಷ್ಟರು, ನಡೆಸುತ್ತಿದ್ದ ಕೂಲಿಮಠಗಳೆಂಬ ಹಳ್ಳಿಶಾಲೆಗಳಲ್ಲಿ ಮರಳಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿ ಒಪ್ಪಿಸುವುದು, ತಪ್ಪಿದವರನ್ನು ಹಗ್ಗಕ್ಕೆ ಜೋತುಬೀಳಿಸುವ ಕೋದಂಡದ ಶಿಕ್ಷೆ ಇವೆಲ್ಲ ಇದ್ದವು. ಮಾರ್ನಮಿಯಲ್ಲಿ, ಎಂದರೆ ಮಹಾನವಮಿ ಹಬ್ಬದಲ್ಲಿ, ಮಕ್ಕಳು ಮನೆಮನೆಯ ಮುಂದೆ ಚೌಪದವೆಂಬ ಪದ್ಯಗಳನ್ನು ಹಾಡಿ ಐಗಳಿಗೆ ಕಾಣಿಕೆ ಕೂಡಿಸುತ್ತಿದ್ದರು. ಜಪಾನಿನಲ್ಲಿ 1872ರ ಶಾಸನಕ್ಕೆ ಮುಂಚೆ ಇದ್ದ ತೆರಾಕೋಯಾ ಎಂಬ ಶಾಲೆಗಳಲ್ಲೂ ಒಬ್ಬನೇ ಗುರು ಕಾಗದ ಬರೆಯುವುದನ್ನೂ ಮಣಿಚೌಕಟ್ಟಿನ ಲೆಕ್ಕವನ್ನೂ ಕಲಿಸುತ್ತಿದ್ದ. ಚೌಪದದ ಸಾಲುಗಳು ಯಾರ ಬಾಯಲ್ಲಾದರೂ ಉಳಿದಿದ್ದರೆ ಇಂದೇ ಧ್ವನಿಮುದ್ರಿಸಿಕೊಳ್ಳಿ.

ಹೋಲಿಕೆಗೆ ಸಮುದ್ರ ದಾಟಲೇಬೇಕೆಂದಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ಸೆರಾ ಮಠದ ಅಂಗಳದಲ್ಲಿ ನಿಂತ ಭಿಕ್ಷು ಕೈತಟ್ಟಿ ಪ್ರಶ್ನೆ ಎಸೆಯುವುದು, ಕುಳಿತವನು ಉತ್ತರಿಸುವುದು ಅವರ ಕಲಿಕೆಯ ಕ್ರಮ. ಅದನ್ನು ನೋಡಿದವರು ಮೇಲುಕೋಟೆಗೂ ಹೋಗಿ, ಸಂಸ್ಕೃತ ಪಾಠಶಾಲೆಗಳಲ್ಲಿ ಓದಿದ ಹಿರಿಯರ ಬಳಿ ವಾಕ್ಯಾರ್ಥ, ಎಂದರೆ ಶಾಸ್ತ್ರವಾದ, ಹೇಗೆ ನಡೆಯುತ್ತಿತ್ತೆಂದು ಕೇಳಿದರೆ, ವಾದವನ್ನೇ ಪಾಠವಾಗಿಸಿಕೊಂಡ ಎರಡು ಪರಂಪರೆಗಳು ಒಂದೇ ಸೀಮೆಯಲ್ಲಿ ಸಿಗುತ್ತವೆ. ಫೋಟೊ ತೆಗೆಯುವ ಮುನ್ನ ಒಪ್ಪಿಗೆ ಕೇಳಿ. ಅಲ್ಲಿನ ಹಿರಿಯರನ್ನೂ ನಿಮ್ಮ ಅಜ್ಜಿಯನ್ನು ಕೇಳಿದಂತೆಯೇ ಕೇಳಿ: ಬೆಳಗಾದರೆ ಏನೇನು ಕೆಲಸ ಇರುತ್ತಿತ್ತು?

ಬರೆಯುವಾಗ ಪುಟವನ್ನು ನಡುವೆ ಗೆರೆ ಹಾಕಿ ಎರಡು ಮಾಡಿಕೊಳ್ಳಿ. ಎಡಕ್ಕೆ ನಿಮ್ಮೂರು, ಬಲಕ್ಕೆ ಇನ್ನೊಂದು ಸಮಾಜ. ಎಡದಲ್ಲಿ ಸಾಕ್ಷಿ ಇಲ್ಲದ ಸಾಲಿಗೆ ಬಲದಲ್ಲಿ ಏನನ್ನೂ ತುಂಬಬೇಡಿ. ಮುಗಿದ ಮೇಲೆ ಒಂದು ಪ್ರತಿಯನ್ನು ಶಾಲೆಗೆ ಕೊಟ್ಟು, ಮಾತನಾಡಿದ ಹಿರಿಯರ ಮನೆಗೆ ಹೋಗಿ ಅವರ ಮಾತಿರುವ ಪುಟವನ್ನು ಗಟ್ಟಿಯಾಗಿ ಓದಿ ಹೇಳಿ. ಅವರು ತಿದ್ದಿದರೆ ತಿದ್ದಿಕೊಳ್ಳಿ, ತೆಗೆಯೆಂದರೆ ತೆಗೆಯಿರಿ.